ಆಕಾಶದಲ್ಲಿ ಉರಿದದ್ದು ವಿಮಾನವೋ, ಆಟವೋ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಪ್ರಶ್ನೆ: 2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರದ ದಿನಗಳಲ್ಲಿ, ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ವಿಡಿಯೊ ಬಂತು. ಕತ್ತಲು. ನೆಲದಿಂದ ಬೆಂಕಿಯ ಗೆರೆಗಳು ಸರಸರ ಮೇಲೇಳುತ್ತವೆ, ಕೊನೆಗೆ ಒಂದು ವಿಮಾನ ಹೊತ್ತಿಕೊಂಡು ಬೀಳುತ್ತದೆ. ನಮ್ಮ ಭಾವ ನಿಜ ಅಂದರು, ಹತ್ತನೇ ತರಗತಿಯ ಮಗ ‘ಅದು ಗೇಮ್ ಅಮ್ಮಾ’ ಅಂದ. ಇಂಥದ್ದನ್ನು ಮನೆಯಲ್ಲೇ ಕೂತು ಪತ್ತೆ ಹಚ್ಚುವುದು ಹೇಗೆ?
(ಗೃಹಿಣಿ, ತಿಪಟೂರು)

ಉತ್ತರ: ನಿಮ್ಮ ಮಗನ ಮಾತೇ ಸರಿಯಿರಬೇಕು. ನೀವು ವಿವರಿಸಿದ ದೃಶ್ಯ ವರ್ಷಗಳಿಂದ ಬೇರೆ ಬೇರೆ ದೇಶಗಳ ಹೆಸರು ಹೊತ್ತು ಸುತ್ತುತ್ತಿರುವ ಬಗೆಯದು. ಆ ದಿನಗಳಲ್ಲಿ ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಕೂಡ ಯುದ್ಧದ ದೃಶ್ಯವೆಂದು ಹರಿದಾಡಿದ ಗೇಮ್ ತುಣುಕುಗಳನ್ನು ಗುರುತಿಸಿ ಸುಳ್ಳೆಂದು ಹೇಳಿತ್ತು.

ಇಂಥ ತುಣುಕುಗಳಲ್ಲಿ ಬಹುಪಾಲಿನ ತವರು ‘ಆರ್ಮಾ 3’. ಜೆಕ್ ದೇಶದ ಬೊಹೀಮಿಯಾ ಇಂಟರಾಕ್ಟಿವ್ ಕಂಪನಿ 2013ರಲ್ಲಿ ಬಿಡುಗಡೆ ಮಾಡಿದ ಆಟ. ಗ್ರಾಫಿಕ್ಸ್‌ನಲ್ಲಿ ಇದಕ್ಕಿಂತ ಮುಂದಿರುವ ಆಟಗಳು ಬೇಕಾದಷ್ಟಿವೆ. ಆದರೂ ಸುಳ್ಳು ಸುದ್ದಿಯವರು ಇದನ್ನೇ ಹಿಡಿಯುವುದಕ್ಕೆ ಕಾರಣ ‘ಮಾಡ್’ಗಳು. ಆಡುವವರೇ ತಯಾರಿಸಿ ಸೇರಿಸುವ ವಿಮಾನ, ಟ್ಯಾಂಕ್, ಸಮವಸ್ತ್ರ, ಭೂಪ್ರದೇಶಗಳಿಗೆ ಹೀಗೆನ್ನುತ್ತಾರೆ. ಆರ್ಮಾಗೆ ಇವು ಇಪ್ಪತ್ತು ಸಾವಿರಕ್ಕೂ ಹೆಚ್ಚು ಇವೆ. ಹಾಗಾಗಿ ಒಂದೇ ಆಟ ಇವತ್ತು ಉಕ್ರೇನ್, ನಾಳೆ ಗಾಜಾ, ನಾಡಿದ್ದು ಕಾಶ್ಮೀರ ಆಗಬಲ್ಲದು. ಮೇಲಾಗಿ, ಆಟದೊಳಗಿನ ಕ್ಯಾಮೆರಾವನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಮಹಡಿಯ ಮೇಲೆ ನಿಂತು ಮೊಬೈಲಿನಲ್ಲಿ ಯಾರೋ ಹಿಡಿದ ಹಾಗೆ ತೋರಿಸುವುದು ಕಷ್ಟವೇ ಅಲ್ಲ.

ನಿಮ್ಮ ವಿಡಿಯೊದಲ್ಲಿ ಬೆಂಕಿಯ ಗೆರೆ ಉಗುಳುತ್ತಿರುವುದು ಹೆಚ್ಚಾಗಿ ಹಡಗಿನ ಮೇಲಿಡುವ ಅಮೆರಿಕದ ‘ಫ್ಯಾಲಂಕ್ಸ್’ ತೋಪು, ಅಥವಾ ಅದರ ನೆಲದ ಮೇಲಿನ ರೂಪವಾದ ‘ಸಿ-ರ‍್ಯಾಮ್’. ಇಲ್ಲಿ ಒಂದು ಸಣ್ಣ ಲೆಕ್ಕ ಸಾಕು. ಈ ತೋಪು ನಿಮಿಷಕ್ಕೆ 4,500 ಗುಂಡು ಹಾರಿಸುತ್ತದೆ, ಅಂದರೆ ಸೆಕೆಂಡಿಗೆ 75. ಅದರ ಪೀಪಾಯಿಯಲ್ಲಿ ಹಿಡಿಯುವುದು ಸುಮಾರು 1,550 ಗುಂಡು. ಬಿಡದೆ ಹೊಡೆದರೆ 20 ಸೆಕೆಂಡಿನಲ್ಲಿ ಖಾಲಿ! ಆದ್ದರಿಂದಲೇ ನಿಜವಾದ ಸಿ-ರ‍್ಯಾಮ್ ‘ಬ್ರ‍್ರ್’ ಎಂದು ಒಂದೆರಡು ಸೆಕೆಂಡು ಹೊಡೆದು ನಿಲ್ಲುತ್ತದೆ, ಮತ್ತೆ ಹೊಡೆಯುತ್ತದೆ. ಫಾರ್ವರ್ಡ್ ಆಗುವ ವಿಡಿಯೊದಲ್ಲಿ ಅದೇ ತೋಪು ಒಂದೂವರೆ ನಿಮಿಷ ಉಸಿರು ತೆಗೆದುಕೊಳ್ಳದೆ ಉಗುಳುತ್ತಿದ್ದರೆ ಅದಕ್ಕೆ ಗುಂಡು ತುಂಬುತ್ತಿರುವುದು ಕಂಪ್ಯೂಟರ್. ಇನ್ನೊಂದು ಮಾತು: ಇದು ಒಂದೆರಡು ಕಿಲೋಮೀಟರಿನೊಳಗೆ ಬಂದ ರಾಕೆಟ್, ಮಾರ್ಟರ್ ಗುಂಡು, ಕ್ಷಿಪಣಿಗಳನ್ನು ತಡೆಯುವ ಕೊನೆಯ ಕಾವಲು. ಎತ್ತರದಲ್ಲಿ ಹಾರುವ ಫೈಟರ್ ವಿಮಾನವನ್ನು ಅಟ್ಟಿಸಿಕೊಂಡು ಹೊಡೆಯುವ ಸಾಧನ ಅಲ್ಲ.

ಇಂಥ ತುಣುಕುಗಳ ಕಾಟ ಹೆಚ್ಚಾದಾಗ ಬೊಹೀಮಿಯಾ ಕಂಪನಿಯೇ 2022ರ ನವೆಂಬರಿನಲ್ಲಿ ಗುರುತು ಹಿಡಿಯುವ ಲಕ್ಷಣಗಳನ್ನು ಪ್ರಕಟಿಸಿತು. ಚಿತ್ರ ತೀರಾ ಮಸುಕಾಗಿರುತ್ತದೆ, ಬೇಕೆಂದೇ ಅಲುಗಾಡಿಸಿರುತ್ತಾರೆ, ರಾತ್ರಿಯ ಹೊತ್ತೇ ಹೆಚ್ಚು, ಎಷ್ಟೋ ಸಲ ಸದ್ದೇ ಇರುವುದಿಲ್ಲ. ಹೊಗೆ, ಧೂಳು, ಬೆಂಕಿ ಸಹಜವಾಗಿ ಹರಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಗುರುತು ಮನುಷ್ಯರದು. ಓಡುವ, ಎಡವುವ, ಮಗುವನ್ನು ಎತ್ತಿಕೊಳ್ಳುವ ಜನರನ್ನು ಆಟದಲ್ಲಿ ನಂಬುವಂತೆ ತೋರಿಸುವುದು ಬಹಳ ಕಷ್ಟ. ಅದಕ್ಕೇ ಈ ವಿಡಿಯೊಗಳಲ್ಲಿ ಯಂತ್ರಗಳು ತುಂಬಿರುತ್ತವೆ, ಜನ ಇರುವುದಿಲ್ಲ. ಊರಿನ ಮೇಲೆ ವಿಮಾನ ಉರಿದು ಬೀಳುತ್ತಿದ್ದರೂ ವಿಡಿಯೊ ಹಿಡಿದವನ ಬಾಯಿಂದ ಒಂದು ಉದ್ಗಾರ ಇಲ್ಲ, ಒಂದು ನಾಯಿ ಬೊಗಳುವುದಿಲ್ಲ ಎಂದರೆ ಅನುಮಾನ ಪಡಿ.

ಸದ್ದಿನ ಬಗ್ಗೆ ಒಂದು ಎಚ್ಚರಿಕೆ. ಬೆಳಕು ಮೊದಲು, ಸದ್ದು ಆಮೇಲೆ, ಕಿಲೋಮೀಟರಿಗೆ ಸುಮಾರು ಮೂರು ಸೆಕೆಂಡು ಅಂತರ ಎಂದು ನಾವು ಶಾಲೆಯಲ್ಲಿ ಕಲಿತಿದ್ದೇವೆ. ದೂರದ ಸ್ಫೋಟ ಕಂಡ ಕ್ಷಣವೇ ಸದ್ದೂ ಕೇಳಿದರೆ ಅದನ್ನು ಆಮೇಲೆ ಅಂಟಿಸಿದ್ದಾರೆ ಎಂದು ಅರ್ಥ. ತಿರುಗಿಸಿ ಹೇಳಲು ಮಾತ್ರ ಬರುವುದಿಲ್ಲ, ಏಕೆಂದರೆ ಆರ್ಮಾ ಆಟದಲ್ಲೂ ಸದ್ದು ದೂರಕ್ಕೆ ತಕ್ಕಂತೆ ತಡವಾಗಿಯೇ ಕೇಳುತ್ತದೆ. ತಡವಾದ ಸದ್ದು ನಿಜತನಕ್ಕೆ ಪುರಾವೆ ಅಲ್ಲ.

ಈಗ ಕೆಲಸ ಹೀಗೆ ಮಾಡಿ. ವಿಡಿಯೊವನ್ನು ನಿಲ್ಲಿಸುತ್ತಾ ನಾಲ್ಕೈದು ಕಡೆ ಸ್ಕ್ರೀನ್‌ಶಾಟ್ ತೆಗೆಯಿರಿ: ಮೊದಲ ಫ್ರೇಮ್, ದಿಗಂತ ಅಥವಾ ಕಟ್ಟಡ ಕಾಣುವ ಒಂದು ಫ್ರೇಮ್, ಸ್ಫೋಟದ ಹಿಂದಿನ ಕ್ಷಣ, ಕೊನೆಯದು. ಬರೀ ಬೆಂಕಿಯಿರುವ ಫ್ರೇಮ್ ತೆಗೆದರೆ ಪ್ರಯೋಜನವಿಲ್ಲ, ಲೋಕದ ಬೆಂಕಿಯೆಲ್ಲ ಒಂದೇ ಥರ ಕಾಣುತ್ತದೆ. ಒಂದೊಂದನ್ನೂ, ಚಿತ್ರ ಕೊಟ್ಟು ಹುಡುಕುವ ಗೂಗಲ್ ಲೆನ್ಸ್‌ಗೆ ಹಾಕಿ, ಹಳೆಯ ತಾರೀಖಿನ ಫಲಿತಾಂಶ ಹುಡುಕಿ. ಅಲ್ಲಿ ಸಿಗದಿದ್ದರೆ ಯೂಟ್ಯೂಬಿನಲ್ಲಿ ‘ಆರ್ಮಾ 3 ಸಿ-ರ‍್ಯಾಮ್’ ಎಂದು ಇಂಗ್ಲಿಷಿನಲ್ಲಿ ಹೊಡೆದು ಸಿಕ್ಕಿದ್ದನ್ನು ನಿಮ್ಮದರ ಪಕ್ಕ ಇಟ್ಟು ನೋಡಿ. ಮೂಲ ವಿಡಿಯೊ ಮಾಡಿದವರು ಎಷ್ಟೋ ಸಲ ಇದು ಆಟವೆಂದು ಶೀರ್ಷಿಕೆಯಲ್ಲೇ ಬರೆದಿರುತ್ತಾರೆ. ಆ ಶೀರ್ಷಿಕೆಯನ್ನು ಕಿತ್ತು ಹಾಕಿ ಹಂಚಿದವರು ಬೇರೆಯವರು. ಆಟಗಾರನ ಪರದೆಯಲ್ಲಿ ಮೂಲೆಗಳಲ್ಲಿ ಗುಂಡಿನ ಲೆಕ್ಕ, ದಿಕ್ಸೂಚಿ, ಹೆಸರು ಇರುತ್ತವೆ. ಅವನ್ನು ಅಡಗಿಸಲು ವಿಡಿಯೊದ ಅಂಚು ಕತ್ತರಿಸುತ್ತಾರೆ, ಹಾಗಾಗಿ ವಿಚಿತ್ರ ಅಳತೆಯ ಚೌಕಟ್ಟು ಕಂಡರೆ ಅಂಚುಗಳನ್ನು ದೊಡ್ಡದು ಮಾಡಿ ನೋಡಿ. ಫೈಲಿನ ದಿನಾಂಕ, ಸ್ಥಳ ಹುಡುಕಲು ಹೋಗಬೇಡಿ, ವಾಟ್ಸ್‌ಆ್ಯಪ್ ಅದನ್ನೆಲ್ಲ ಅಳಿಸಿಯೇ ಕಳಿಸುತ್ತದೆ.

ಈ ಗುರುತುಗಳು ಎಂದೆಂದಿಗೂ ಸಾಲುವಂಥವಲ್ಲ. 2023ರ ಏಪ್ರಿಲಿನಲ್ಲಿ ‘ಅನ್‌ರೆಕಾರ್ಡ್’ ಎಂಬ ಫ್ರೆಂಚ್ ಆಟದ ತುಣುಕು ಬಂದಾಗ ಜನ ಅದನ್ನು ಪೊಲೀಸರ ಎದೆಯ ಮೇಲಿನ ಕ್ಯಾಮೆರಾದ ದೃಶ್ಯವೆಂದೇ ತಿಳಿದರು. ಆಟ ತಯಾರಿಸುವ ಸಾಫ್ಟ್‌ವೇರ್ ಒಳಗೇ ಅದನ್ನು ಓಡಿಸಿ ತೋರಿಸಿ ನಂಬಿಸಬೇಕಾಯಿತು. ಕಣ್ಣಿನ ಪರೀಕ್ಷೆ ಸೋಲುತ್ತಾ ಹೋಗುತ್ತದೆ. ‘ಇದು ಮೊದಲು ಎಲ್ಲಿ, ಯಾವತ್ತು, ಯಾರಿಂದ ಬಂತು’ ಎಂದು ಹುಡುಕುವ ಪರೀಕ್ಷೆ ಉಳಿಯುತ್ತದೆ.

ಪ್ರಶ್ನೆ: ಮನೆಮಂದಿ ಮೋಸ ಹೋಗುವುದು ಸರಿ. ದೊಡ್ಡ ಟಿವಿ ಸಂಸ್ಥೆ, ಸರ್ಕಾರಗಳೂ ಹೋಗುತ್ತವಂತೆ. ಹೇಗೆ?
(ಪತ್ರಿಕೋದ್ಯಮ ವಿದ್ಯಾರ್ಥಿ, ಧಾರವಾಡ)

ಉತ್ತರ: 2011ರಲ್ಲಿ ಬ್ರಿಟನ್ನಿನ ಐಟಿವಿ ತನ್ನ ಸಾಕ್ಷ್ಯಚಿತ್ರದಲ್ಲಿ ಐರಿಷ್ ರಿಪಬ್ಲಿಕನ್ ಆರ್ಮಿ ಹೆಲಿಕಾಪ್ಟರ್ ಹೊಡೆಯುವ ದೃಶ್ಯವೆಂದು ‘ಆರ್ಮಾ 2’ರ ತುಣುಕು ತೋರಿಸಿತು. ಅಲ್ಲಿನ ಪ್ರಸಾರ ನಿಯಂತ್ರಕ ಆಫ್‌ಕಾಮ್ 2012ರಲ್ಲಿ ಅದು ವೀಕ್ಷಕರನ್ನು ದಾರಿ ತಪ್ಪಿಸಿತೆಂದು ತೀರ್ಮಾನ ಕೊಟ್ಟಿತು. 2021ರ ಸೆಪ್ಟೆಂಬರಿನಲ್ಲಿ ಅಫ್ಗಾನಿಸ್ತಾನದ ಪಂಜ್‌ಶೀರ್ ಕಣಿವೆಯ ಮೇಲೆ ಪಾಕಿಸ್ತಾನದ ವಿಮಾನ ದಾಳಿ ಎಂದು ನಮ್ಮ ದೇಶದ ಕೆಲವು ಚಾನೆಲ್‌ಗಳು ತೋರಿಸಿದ್ದೂ ಆರ್ಮಾ 3. 2022ರ ಫೆಬ್ರುವರಿಯಲ್ಲಿ ‘ಕೀವ್‌ನ ಭೂತ’ ಎಂಬ ಪೈಲಟ್ ರಷ್ಯಾದ ವಿಮಾನ ಉರುಳಿಸಿದನೆಂಬ ವಿಡಿಯೊ ಉಕ್ರೇನಿನ ಸರ್ಕಾರಿ ಖಾತೆಯಲ್ಲೂ ಕಾಣಿಸಿಕೊಂಡಿತು. ಅದು ‘ಡಿಸಿಎಸ್’ ಎಂಬ ವಿಮಾನ ಹಾರಾಟದ ಸಿಮ್ಯುಲೇಟರಿನದು. ಎರಡು ತಿಂಗಳ ಮೇಲೆ ಉಕ್ರೇನ್ ವಾಯುಪಡೆಯೇ ಆ ಪೈಲಟ್ ಜನ ಕಟ್ಟಿದ ದಂತಕಥೆ ಎಂದು ಒಪ್ಪಿಕೊಂಡಿತು.

ನೀವು ತರಗತಿಯಲ್ಲಿ ಬಿಡಿಸಿ ನೋಡಬೇಕಾದ್ದು 2017ರ ನವೆಂಬರಿನ ಪ್ರಕರಣ. ಅಮೆರಿಕ ಐಸಿಸ್ ಉಗ್ರರಿಗೆ ರಕ್ಷಣೆ ಕೊಡುತ್ತಿದೆ ಎನ್ನುವುದಕ್ಕೆ ‘ಅಲ್ಲಗಳೆಯಲಾಗದ ಪುರಾವೆ’ ಎಂದು ರಷ್ಯಾದ ರಕ್ಷಣಾ ಸಚಿವಾಲಯ ಕೆಲವು ಚಿತ್ರಗಳನ್ನು ಹಾಕಿತು. ಒಂದು ಚಿತ್ರ ಎಸಿ-130 ಗನ್‌ಶಿಪ್ ಸಿಮ್ಯುಲೇಟರ್ ಎಂಬ ಮೊಬೈಲ್ ಆಟದ ಪ್ರಚಾರ ವಿಡಿಯೊದ್ದು. ಮೂಲದಲ್ಲಿ ‘ಇದು ಇನ್ನೂ ತಯಾರಾಗುತ್ತಿರುವ ಆಟ’ ಎಂಬ ಅರ್ಥದ ಸಾಲು ಇತ್ತು. ಕತ್ತರಿಸುವಾಗ ಆ ಸಾಲಿನ ಅಕ್ಷರಗಳ ಚೂರು ಅಂಚಿನಲ್ಲಿ ಹಾಗೇ ಉಳಿದುಬಿಟ್ಟಿತು. ಉಳಿದ ಚಿತ್ರಗಳು 2016ರ ಇರಾಕಿ ವಾಯುಪಡೆಯ ವಿಡಿಯೊದವು. ಚಿತ್ರಗಳನ್ನು ತೆಗೆದುಹಾಕಿ ಒಬ್ಬ ನೌಕರನ ತಪ್ಪೆಂದರು.

ಏಕೆ ಹೀಗಾಗುತ್ತದೆ? ರಾತ್ರಿ ಪಾಳಿಯಲ್ಲಿ ದೃಶ್ಯ ಬೇಕೇ ಬೇಕು, ವರದಿಗಾರ ಸ್ಥಳದಲ್ಲಿಲ್ಲ, ಎದುರಾಳಿ ಚಾನೆಲ್ ಆಗಲೇ ಹಾಕಿಬಿಟ್ಟಿದೆ. ಇದು ಎಲ್ಲರಿಗೂ ಗೊತ್ತಿರುವ ಕಾರಣ. ಗೊತ್ತಿಲ್ಲದ ಕಾರಣ ಇನ್ನೊಂದಿದೆ. ಕ್ಷಿಪಣಿ, ಡ್ರೋನ್, ವಿಮಾನಗಳ ಕ್ಯಾಮೆರಾ ಕಳಿಸುವ ನಿಜವಾದ ಚಿತ್ರವೇ ಕಪ್ಪು ಬಿಳುಪಿನ, ನಡುವೆ ಗುರಿಯ ಗೆರೆ ಇರುವ, ಮನುಷ್ಯರು ಇರುವೆಗಳಂತೆ ಕಾಣುವ ಚಿತ್ರ. ಆಟದವರು ಅದನ್ನು ನೋಡಿಯೇ ಆಟ ಕಟ್ಟಿದರು. ಈಗ ಆಟ ನೋಡಿ ಬೆಳೆದ ಕಣ್ಣಿಗೆ ಆ ರೂಪವೇ ‘ನಿಜ’ದ ಮುದ್ರೆ. ಡೆಸ್ಕಿನಲ್ಲಿ ಕೂತವರು ಸುಳ್ಳನ್ನು ನಂಬಿದ್ದಲ್ಲ, ತಮಗೆ ಪರಿಚಯವಿದ್ದ ಚಿತ್ರವನ್ನು ನಂಬಿದರು.

ಡೆಸ್ಕಿಗೆ ಒಂದು ನಿಯಮ ಸಾಕು: ಮೂಲ ಅಪ್‌ಲೋಡ್ ಸಿಗುವವರೆಗೆ ದೃಶ್ಯ ಬೇಡ, ಮಾತಿನಲ್ಲಿ ಸುದ್ದಿ ಓದಿ. ಸಮಯವಿದ್ದರೆ ವಿಡಿಯೊದ ಬೆಟ್ಟ, ಗೋಪುರ, ರಸ್ತೆ ತಿರುವನ್ನು ಉಪಗ್ರಹ ನಕ್ಷೆಯ ಜೊತೆ ಹೊಂದಿಸಿ. ದೊಡ್ಡ ಬೆಂಕಿಯಾಗಿದೆ ಎನ್ನುತ್ತಿದ್ದರೆ ಉಪಗ್ರಹಗಳು ಕಂಡ ಬೆಂಕಿಯನ್ನು ಗುರುತಿಸುವ ನಾಸಾದ ಫರ್ಮ್ಸ್ ನಕ್ಷೆಯಲ್ಲಿ ಆ ದಿನ ಆ ಜಾಗದಲ್ಲಿ ಶಾಖದ ಚುಕ್ಕೆ ಇದೆಯೇ ನೋಡಿ. ಮೋಡ ಕವಿದಿದ್ದರೆ, ಬೆಂಕಿ ಬೇಗ ಆರಿದ್ದರೆ ಅದು ದಾಖಲಾಗದೆ ಹೋಗಬಹುದು. ಹಾಗಾಗಿ ಚುಕ್ಕೆ ಇಲ್ಲದಿದ್ದರೆ ಸುಳ್ಳೆಂದು ಹಾರಬೇಡಿ.

ಪ್ರಶ್ನೆ: ಮೊಮ್ಮಗ ಆಡುವ ಆಟದಲ್ಲಿ ಬಂದೂಕಿನ ಬೋಲ್ಟ್ ಎಳೆಯುವುದೂ ಸರಿಯಾಗಿಯೇ ಇದೆ. ಆದರೂ ಏನೋ ಸುಳ್ಳು ಅನ್ನಿಸುತ್ತದೆ. ಯಾವ ಆಟ ನಿಜಕ್ಕೆ ಹತ್ತಿರ?
(ನಿವೃತ್ತ ಹವಾಲ್ದಾರ್, ಮಡಿಕೇರಿ)

ಉತ್ತರ: ನಿಮಗೆ ಅನ್ನಿಸಿದ್ದು ಸರಿ ಸರ್. ಮೊದಲು ಮ್ಯಾಗಜಿನ್ ನೋಡಿ. ಬಹುತೇಕ ಆಟಗಳಲ್ಲಿ 30 ಗುಂಡಿನ ಮ್ಯಾಗಜಿನ್‌ನಲ್ಲಿ ಹತ್ತು ಹೊಡೆದು ರೀಲೋಡ್ ಮಾಡಿದರೆ ಮಿಕ್ಕ ಇಪ್ಪತ್ತು ತಾನಾಗಿ ಒಟ್ಟು ಲೆಕ್ಕಕ್ಕೆ ಸೇರಿಬಿಡುತ್ತವೆ. ನಿಜದಲ್ಲಿ ಆ ಇಪ್ಪತ್ತು ಅದೇ ಮ್ಯಾಗಜಿನ್‌ನಲ್ಲಿ ಉಳಿದು ಪೌಚ್ ಸೇರುತ್ತವೆ, ಯಾವುದು ತುಂಬಿದ್ದು ಯಾವುದು ಅರ್ಧ ಎಂಬುದು ಕೈಗೆ ನೆನಪಿರಬೇಕು. ಆರ್ಮಾ ಇದನ್ನು ಸರಿಯಾಗಿ ಇಡುತ್ತದೆ. ಗುಂಡಿನ ಹಾದಿಯೂ ಅಷ್ಟೇ. ಇನ್ಸಾಸ್‌ನಂಥ ರೈಫಲಿನ 5.56 ಮಿ.ಮೀ. ಗುಂಡು ಸೆಕೆಂಡಿಗೆ ಸುಮಾರು 900 ಮೀಟರ್ ವೇಗದಲ್ಲಿ ಹೊರಡುತ್ತದೆ, ಸದ್ದಿನ ವೇಗ ಸುಮಾರು 340 ಮೀಟರ್. ಮುನ್ನೂರು ಮೀಟರಿನಲ್ಲಿ ನಿಂತವರಿಗೆ ತಲೆಯ ಬಳಿ ‘ಚಟ್’ ಎಂದು ಗುಂಡು ಹಾದು ಹೋಗಿ ಹತ್ತಿರ ಹತ್ತಿರ ಅರ್ಧ ಸೆಕೆಂಡಿನ ಮೇಲೆ ಬಂದೂಕಿನ ‘ಢಂ’ ಕೇಳುತ್ತದೆ. ಸಾಮಾನ್ಯ ಆಟಗಳಲ್ಲಿ ಗುಂಡು, ಸದ್ದು ಎಲ್ಲ ಒಂದೇ ಕ್ಷಣ.

ಹೆಚ್ಚು ಸುಳ್ಳಿರುವುದು ಗಾಯದಲ್ಲಿ. ‘ಕಾಲ್ ಆಫ್ ಡ್ಯೂಟಿ’ಯಂಥ ಆಟದಲ್ಲಿ ಗುಂಡು ತಿಂದವನು ಗೋಡೆಯ ಹಿಂದೆ ಕೆಲವು ಸೆಕೆಂಡು ಕೂತರೆ ಗುಣವಾಗುತ್ತಾನೆ. ತೊಡೆಯ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಗಾಯಕ್ಕಿಂತ ಎರಡು ಮೂರು ಇಂಚು ಮೇಲೆ ಟೂರ್ನಿಕೆ (ರಕ್ತ ತಡೆಯುವ ಬಿಗಿಪಟ್ಟಿ) ಕಟ್ಟಿ, ಕಡ್ಡಿ ತಿರುಗಿಸಿ ರಕ್ತ ನಿಲ್ಲುವವರೆಗೆ ಬಿಗಿದು, ಕಟ್ಟಿದ ಹೊತ್ತನ್ನು ಬರೆದಿಡಬೇಕು. ಆರ್ಮಾಗೆ ಆಡುವವರೇ ಮಾಡಿದ ‘ಏಸ್ 3’ ಎಂಬ ಮಾಡ್‌ನಲ್ಲಿ ಟೂರ್ನಿಕೆ ಇದೆ, 250, 500, 1,000 ಮಿಲಿಲೀಟರ್‌ನ ರಕ್ತ ಮತ್ತು ಸಲೈನ್ ಚೀಲಗಳಿವೆ, ಟೂರ್ನಿಕೆ ಹೆಚ್ಚು ಹೊತ್ತು ಬಿಟ್ಟರೆ ನೋವು ಏರುತ್ತದೆ. ಆಟಗಳಲ್ಲಿ ಇದು ಬಹಳ ಒಳ್ಳೆಯ ಪ್ರಯತ್ನ. ಆದರೂ ಗಾಯಾಳುವನ್ನು ಹೊತ್ತು ನಡೆಯುವ ನಾಲ್ವರ ಉಸಿರು, ಆಸ್ಪತ್ರೆಯ ಆರು ತಿಂಗಳು, ಊರುಗೋಲು ಯಾವುದರಲ್ಲೂ ಇಲ್ಲ.

ಇನ್ನೊಂದು, ಯಾರು ಯಾವುದರಿಂದ ಸಾಯುತ್ತಾರೆ ಎನ್ನುವುದು. ಎರಡನೇ ಮಹಾಯುದ್ಧದಲ್ಲಿ ರಣರಂಗದ ಗಾಯಗಳಲ್ಲಿ ಹೆಚ್ಚಿನ ಪಾಲು ಫಿರಂಗಿ, ಮಾರ್ಟರ್, ಬಾಂಬುಗಳ ಚೂರಿನದು. ಹೊಡೆದವನ ಮುಖ ಕಾಣದ ಸಾವು ಅದು. ಆಟದಲ್ಲಿ ಅಂಥ ಸಾವು ಬಂದರೆ ಆಡುವವನಿಗೆ ಅನ್ಯಾಯ ಅನ್ನಿಸುತ್ತದೆ, ಅದಕ್ಕೆ ಆಟ ಕಟ್ಟುವವರು ಅದನ್ನು ಕಡಿಮೆ ಮಾಡಿ ಬಂದೂಕಿಗೆ ಬಂದೂಕು ಎದುರಿಡುತ್ತಾರೆ. ಕಾಯುವಿಕೆಯನ್ನೂ ಹೀಗೇ ತೆಗೆಯುತ್ತಾರೆ. ಹತ್ತು ನಿಮಿಷದ ಆಟದಲ್ಲಿ ಎಂಟು ನಿಮಿಷ ಸೆಂಟ್ರಿ ಡ್ಯೂಟಿ ಇಟ್ಟರೆ ಯಾರು ಆಡುತ್ತಾರೆ?

ಯಂತ್ರದ ನಿಖರತೆಯ ಹುಚ್ಚು ಎಲ್ಲಿಗೆ ಹೋಗಿದೆ ನೋಡಿ. ‘ವಾರ್ ಥಂಡರ್’ ಆಟದಲ್ಲಿ ಬ್ರಿಟನ್ನಿನ ಚಾಲೆಂಜರ್ 2 ಟ್ಯಾಂಕ್ ತಪ್ಪಾಗಿದೆ ಎಂದು ಸಾಧಿಸಲು 2021ರಲ್ಲಿ ಆಟಗಾರನೊಬ್ಬ ಸೇನೆಯ ಗೋಪ್ಯ ಕೈಪಿಡಿಯ ಹಾಳೆಗಳನ್ನೇ ಬಹಿರಂಗವಾಗಿ ಹಾಕಿದ. ಅದೇ ವರ್ಷ ಫ್ರೆಂಚ್ ಲೆಕ್ಲೇರ್ ಟ್ಯಾಂಕಿಗೂ ಹಾಗೇ ಆಯಿತು. ಉಕ್ಕಿನ ಹಲಗೆಯ ದಪ್ಪಕ್ಕಾಗಿ ಇಷ್ಟು ಜಗಳ. ಅದೇ ಆಟಗಳ ಹಳ್ಳಿಗಳಲ್ಲಿ ಒಲೆ ಹಚ್ಚಿದ ಒಂದು ಮನೆಯೂ ಇಲ್ಲ. ಆ ಜನ ಎಲ್ಲಿ ಹೋದರು ಎಂದು ಅಷ್ಟೇ ಜೋರಾಗಿ ಕೇಳಿದವರನ್ನು ಕಾಣೆವು.

ಪ್ರಶ್ನೆ: ‘ಟಿವಿ ಸುದ್ದಿಗಿಂತ ಗೇಮೇ ಯುದ್ಧವನ್ನು ಚೆನ್ನಾಗಿ ತೋರಿಸುತ್ತದೆ ಮೇಡಂ’ ಎಂದು ನನ್ನ ವಿದ್ಯಾರ್ಥಿಗಳು ವಾದಿಸುತ್ತಾರೆ. ಏನು ಹೇಳಲಿ?
(ಪಿಯು ಇತಿಹಾಸ ಉಪನ್ಯಾಸಕಿ, ಮೈಸೂರು)

ಉತ್ತರ: ಅವರ ಮಾತನ್ನು ತಳ್ಳಿಹಾಕದೆ ಒಂದು ರಸ್ತೆಯ ಕಥೆ ಹೇಳಿ. ಕೊಲ್ಲಿ ಯುದ್ಧದ ಕೊನೆಯಲ್ಲಿ, 1991ರ ಫೆಬ್ರುವರಿ 26 ಮತ್ತು 27ರ ನಡುವೆ ಕುವೈತಿನಿಂದ ಇರಾಕಿನ ಬಸ್ರಾ ಕಡೆಗೆ ಹಿಂದೆ ಸರಿಯುತ್ತಿದ್ದ ಇರಾಕಿ ವಾಹನಗಳ ಸಾಲಿನ ಮೇಲೆ ಅಮೆರಿಕ ನೇತೃತ್ವದ ವಿಮಾನಗಳು ದಾಳಿ ಮಾಡಿದವು. ಆ ಹೆದ್ದಾರಿಗೆ ‘ಸಾವಿನ ಹೆದ್ದಾರಿ’ ಎಂದೇ ಹೆಸರಾಯಿತು. 2019ರ ‘ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್’ ಆಟದಲ್ಲಿ ಉರ್ಜಿಕ್‌ಸ್ತಾನ್ ಎಂಬ ಕಲ್ಪಿತ ದೇಶದಲ್ಲಿ ಇದೇ ಹೆಸರಿನ ರಸ್ತೆ ಇದೆ. ಬಾಂಬು ಹಾಕಿದವರು ಮಾತ್ರ ರಷ್ಯನ್ನರು! ಸುಟ್ಟ ವಾಹನಗಳು, ಮರಳು, ಬೆಳಕು ಎಲ್ಲ ನಂಬುವಂತಿವೆ. ಆಟದಿಂದಲೇ ಆ ಹೆಸರು ಕಲಿತ ಹುಡುಗನ ತಲೆಯಲ್ಲಿ ಹೊಣೆ ಯಾರ ಮೇಲೆ ಕೂರುತ್ತದೆ ಎಂದು ಕೇಳಿ.

ಇನ್ನು ಅದೇ ಯುದ್ಧದ ಸುದ್ದಿ. ಟಿವಿಯಲ್ಲಿ ಮತ್ತೆ ಮತ್ತೆ ತೋರಿಸಿದ್ದರಲ್ಲಿ ಬಾಂಬಿನ ಮೂತಿಯ ಕ್ಯಾಮೆರಾ ಕಂಡ ದೃಶ್ಯವೂ ಒಂದು: ಗುರಿಯ ಗೆರೆ, ಕಟ್ಟಡದ ಚಾವಣಿ, ಆಮೇಲೆ ಪರದೆ ಖಾಲಿ. ಬಾಂಬ್ ಬಿದ್ದ ಮೇಲಿನದು ಆ ಕ್ಯಾಮೆರಾಕ್ಕೆ ಕಾಣುವಂತಿಲ್ಲ. ನೋಡಿದವರು ಎಲ್ಲ ಬಾಂಬೂ ಹೀಗೆ ಸೂಜಿ ಪೋಣಿಸಿದ ಹಾಗೆ ಬಿದ್ದವು ಎಂದುಕೊಂಡರು. ಹಾಕಿದ ಬಾಂಬುಗಳಲ್ಲಿ ಗುರಿ ಹುಡುಕಿ ಹೋಗುವವು ನೂರಕ್ಕೆ 10ಕ್ಕಿಂತ ಕಡಿಮೆ. ಮಿಕ್ಕವು ಮಾಮೂಲಿ ಬಾಂಬುಗಳು, ಅವುಗಳ ಮೂತಿಗೆ ಕ್ಯಾಮೆರಾ ಇರಲಿಲ್ಲ. ಕೆನ್ನೆತ್ ಜರೆಕ್ ಎಂಬ ಛಾಯಾಗ್ರಾಹಕ ವಾಹನದೊಳಗೇ ಸುಟ್ಟುಹೋದ ಇರಾಕಿ ಸೈನಿಕನ ಚಿತ್ರ ತೆಗೆದಾಗ ಅಮೆರಿಕದ ಸುದ್ದಿ ಸಂಸ್ಥೆ ಎಪಿ ಅದನ್ನು ಪತ್ರಿಕೆಗಳಿಗೆ ಕಳಿಸದೆ ತಡೆಯಿತು. ಬ್ರಿಟನ್ನಿನ ‘ಅಬ್ಸರ್ವರ್’ ಪ್ರಕಟಿಸಿತು.

ಹೀಗಾಗಿ ತರಗತಿಯಲ್ಲಿ ‘ಯಾವುದು ಹೆಚ್ಚು ನಿಜ’ ಎನ್ನುವ ಪ್ರಶ್ನೆ ಬಿಡಿ, ‘ಕ್ಯಾಮೆರಾ ಯಾರದು, ಅದು ಯಾವಾಗ ನಿಂತಿತು’ ಎಂದು ಕೇಳಿಸಿ. ಇವತ್ತಿನ ಉಕ್ರೇನ್ ಯುದ್ಧದ ಡ್ರೋನ್ ವಿಡಿಯೊಗಳಿಗೂ ಇದು ಒಪ್ಪುತ್ತದೆ. ಅವುಗಳಲ್ಲಿ ಬಹಳಷ್ಟು ಅಸಲಿ. ಆದರೆ ಗುರಿ ತಪ್ಪಿದ, ಸಿಗ್ನಲ್ ಕಳೆದುಕೊಂಡು ಬಿದ್ದ ಡ್ರೋನಿನ ವಿಡಿಯೊಗೆ ಸಂಗೀತ ಹಾಕಿ ಹಂಚುವವರಿಲ್ಲ. ಗೆದ್ದದ್ದನ್ನಷ್ಟೇ ಆರಿಸಿ ಜೋಡಿಸಿದ ಅಸಲಿ ವಿಡಿಯೊ ಕೊನೆಗೆ ಆಟದ ಹಾಗೆಯೇ ಕಾಣುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿ ತಯಾರಾದ ‘ಫೌಜಿ’ ಆಟದಲ್ಲಿ ಗಲ್ವಾನ್ ಇದೆ. ನಡೆದದ್ದು ಹಾಗೆಯೇ?
(ಐಟಿಐ ವಿದ್ಯಾರ್ಥಿ, ಬಳ್ಳಾರಿ)

ಉತ್ತರ: ಬೆಂಗಳೂರಿನ ಎನ್‌ಕೋರ್ ಗೇಮ್ಸ್ 2021ರ ಜನವರಿ 26ರಂದು ಬಿಡುಗಡೆ ಮಾಡಿದ ಆಟ ಅದು. ಗಲ್ವಾನ್ ಭಾಗದಲ್ಲಿ ಬಂದೂಕಿಲ್ಲದೆ ಕೈಯಿಂದ, ಆಯುಧದಿಂದ ಹೊಡೆದಾಟ ಇಟ್ಟಿದ್ದಾರೆ. 2020ರ ಜೂನ್ 15ರ ರಾತ್ರಿ ಅಲ್ಲಿ ಗುಂಡು ಹಾರಲಿಲ್ಲ ಎನ್ನುವ ಮಟ್ಟಿಗೆ ಅದು ಸರಿ. ಅಲ್ಲಿಗೆ ಹೋಲಿಕೆ ಮುಗಿಯಿತು. ನಮ್ಮ 20 ಯೋಧರು ಪ್ರಾಣ ಕೊಟ್ಟ ಆ ಘಟನೆಯಲ್ಲಿ, ತೀವ್ರವಾಗಿ ಗಾಯಗೊಂಡ 17 ಮಂದಿ ಎತ್ತರದ ಪ್ರದೇಶದ ಶೂನ್ಯಕ್ಕಿಂತ ಕಡಿಮೆ ಉಷ್ಣತೆಗೆ ಒಡ್ಡಿಕೊಂಡು ತೀರಿಕೊಂಡರೆಂದು ಸೇನೆಯ ಹೇಳಿಕೆಯೇ ತಿಳಿಸಿತ್ತು. 14 ಸಾವಿರ ಅಡಿಯ ಆಸುಪಾಸಿನ ಆ ಎತ್ತರದಲ್ಲಿ ನಾಲ್ಕು ಹೆಜ್ಜೆ ಓಡಿದರೆ ಉಸಿರು ಕಟ್ಟುತ್ತದೆ. ಆಟದಲ್ಲಿ ಒಬ್ಬನೇ ಸಾಲು ಸಾಲು ಎದುರಾಳಿಗಳನ್ನು ಕೆಡವುತ್ತಾನೆ, ಚಳಿ ಅವನನ್ನು ಮುಟ್ಟುವುದಿಲ್ಲ. ಸುದ್ದಿಯ ಕಡೆ ನೋಡಿದರೆ ಆಗ ಯಾವ ಚಾನೆಲ್ ಬಳಿಯೂ ಅಲ್ಲಿನ ದೃಶ್ಯವಿರಲಿಲ್ಲ. ಚೀನಾ ತನ್ನ ನಾಲ್ವರು ಸತ್ತರೆಂದು ಒಪ್ಪಿ ತನಗೆ ಬೇಕಾದಷ್ಟು ವಿಡಿಯೊ ಬಿಟ್ಟದ್ದು 2021ರ ಫೆಬ್ರುವರಿಯಲ್ಲಿ.

ಪ್ರಶ್ನೆ: ಟಿವಿಯವರು ಸುದ್ದಿಯ ನಡುವೆ ಸೈರನ್ ಹಾಕುವುದು ಸರಿಯೇ? ಮನೆಯಲ್ಲಿ ಅತ್ತೆಯವರು ಗಾಬರಿಯಾಗಿದ್ದರು.
(ಓದುಗರು, ಉಡುಪಿ)

ಉತ್ತರ: ಸರಿಯಲ್ಲ. 2025ರ ಮೇ 10ರಂದು ನಾಗರಿಕ ರಕ್ಷಣಾ ಮಹಾನಿರ್ದೇಶನಾಲಯ, ಜನಜಾಗೃತಿಗಲ್ಲದೆ ಬೇರೆ ಕಾರ್ಯಕ್ರಮದಲ್ಲಿ ವಾಯುದಾಳಿ ಸೈರನ್ ಸದ್ದು ಬಳಸಬಾರದೆಂದು ಮಾಧ್ಯಮಗಳಿಗೆ ಸೂಚಿಸಿತು. ಕಾರಣ ಸರಳ: ಟಿವಿಯಲ್ಲಿ ಕೇಳಿ ಕೇಳಿ ಅಭ್ಯಾಸವಾದರೆ ನಿಜವಾದ ಸೈರನ್ ಮೊಳಗಿದಾಗ ಜನ ಏಳುವುದಿಲ್ಲ. ಯುದ್ಧದ ಸುದ್ದಿಗೆ ಆಟದ ಸದ್ದು ಬೆರೆಸುವುದು ಪ್ರಾಣಕ್ಕೆ ಎರವಾಗುವುದು ಹೀಗೆ.

ಪ್ರಶ್ನೆ: ಹದಿನೇಳರ ಮಗ ಯುದ್ಧದ ಆಟ ಬಿಡುವುದಿಲ್ಲ. ಯುದ್ಧದ ಇನ್ನೊಂದು ಮುಖ ತೋರಿಸುವ ಆಟ ಇದೆಯೇ?
(ತಂದೆ, ದಾವಣಗೆರೆ)

ಉತ್ತರ: ಇವೆ. ಪೋಲೆಂಡಿನ 11 ಬಿಟ್ ಸ್ಟುಡಿಯೋಸ್ 2014ರಲ್ಲಿ ತಂದ ‘ದಿಸ್ ವಾರ್ ಆಫ್ ಮೈನ್’ನಲ್ಲಿ ನೀವು ಸೈನಿಕರಲ್ಲ, ಮುತ್ತಿಗೆಗೆ ಸಿಕ್ಕ ಊರಿನ ನಿವಾಸಿಗಳು. 1992ರಿಂದ 1996ರವರೆಗೆ ನಡೆದ ಸರಾಯೆವೊ ಮುತ್ತಿಗೆ ಇದಕ್ಕೆ ಪ್ರೇರಣೆ. ಹಗಲು ಸ್ನೈಪರ್ ಭಯದಿಂದ ಮನೆಯೊಳಗೇ ಇದ್ದು ಒಲೆ, ಹಾಸಿಗೆ, ಮಳೆನೀರು ಸೋಸುವ ಸಾಧನ ಮಾಡಿಕೊಳ್ಳಬೇಕು. ರಾತ್ರಿ ಒಬ್ಬರು ಅನ್ನ, ಔಷಧಿ ಹುಡುಕಿ ಹೋಗಬೇಕು, ಉಳಿದವರು ಮಲಗಬೇಕು ಇಲ್ಲವೇ ಕಾವಲಿರಬೇಕು. ಮುದುಕ ದಂಪತಿಯ ಮನೆಯಿಂದ ಕದ್ದರೆ ಹೊಟ್ಟೆ ತುಂಬುತ್ತದೆ, ಆದರೆ ನಿಮ್ಮ ಪಾತ್ರ ಮರುದಿನದಿಂದ ಕುಗ್ಗಿಹೋಗಿ ಕೆಲಸಕ್ಕೇ ಏಳದಿರಬಹುದು. ಸೇವ್ ಮಾಡಿದ ಜಾಗಕ್ಕೆ ಹಿಂತಿರುಗಿ ತಪ್ಪು ತಿದ್ದಲು ಸುಲಭಕ್ಕೆ ಬಿಡುವುದಿಲ್ಲ. ಮೊದಲ ಸಲ ಆಡುವವರು ಒಲೆ, ಉರುವಲು ಕಡೆಗಣಿಸಿ ಚಳಿ ಬಂದಾಗ ಸೋಲುವುದೇ ಹೆಚ್ಚು. ದೊಡ್ಡವರಿಗೆಂದು ಮಾಡಿದ ಆಟ, ಹಾಗಾಗಿ ಮೊದಲ ಕೆಲವು ದಿನ ಜೊತೆಗೆ ಕೂತುಕೊಳ್ಳಿ.

ಮಗನ ಬಳಿ ಕಂಪ್ಯೂಟರ್, ಆರ್ಮಾ 3 ಎರಡೂ ಇದ್ದರೆ ಅದಕ್ಕೇ 2017ರಲ್ಲಿ ಸೇರಿಸಿದ ‘ಲಾಸ್ ಆಫ್ ವಾರ್’ (ಯುದ್ಧದ ನಿಯಮಗಳು) ಭಾಗ ಕೊಡಿಸಬಹುದು. ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ ಯುದ್ಧದ ಆಟಗಳನ್ನು ನಿಷೇಧಿಸಿ ಎಂದು ಕೇಳುತ್ತಿಲ್ಲ. ನಿಜವಾದ ರಣರಂಗದಂತೆ ಆಟದಲ್ಲೂ ಯುದ್ಧದ ನಿಯಮ ಇರಲಿ, ನಾಗರಿಕನಿಗೆ ಗುಂಡು ಹೊಡೆದವನಿಗೆ ಅದರ ಫಲ ಸಿಗಲಿ ಎನ್ನುತ್ತದೆ. ಈ ಭಾಗ ತಯಾರಾದದ್ದು ಅದರ ಸಹಯೋಗದಲ್ಲಿ. 2017ರ ನೇರ ಮಾರಾಟದ ನಿವ್ವಳ ಆದಾಯದಲ್ಲಿ ಅರ್ಧವನ್ನು ಕಂಪನಿ ಸಮಿತಿಗೆ ಕೊಟ್ಟಿತು. ಇದರಲ್ಲಿ ಆಡುವವನು ಯುದ್ಧ ಮುಗಿದ ಮೇಲೆ ಒಂದು ಹಳ್ಳಿಗೆ ಹೋಗಿ ನೆಲಬಾಂಬು ತೆಗೆಯುವ ಕೆಲಸಗಾರ. ಕೈಯಲ್ಲಿ ಲೋಹಶೋಧಕ, ಅಂಗುಲ ಅಂಗುಲ ನೆಲ. ಕೆಲಸ ಮಾಡುತ್ತಲೇ ಫೋನಿನಲ್ಲಿ ಒಬ್ಬ ಪತ್ರಕರ್ತೆಗೆ ಇಲ್ಲಿ ಏನಾಯಿತು ಎಂದು ವಿವರಿಸುತ್ತಾನೆ. ಒಂದೊಂದು ವಸ್ತು ಸಿಕ್ಕಾಗಲೂ ಅದೇ ಹಳ್ಳಿಯ ಹಿಂದಿನ ದಿನಗಳು ಬೇರೆ ಬೇರೆ ಪಕ್ಷದವರ ಕಣ್ಣಿನಲ್ಲಿ ಬಿಚ್ಚಿಕೊಳ್ಳುತ್ತವೆ. ಆತುರಪಟ್ಟು ಓಡಿದರೆ ಮೊದಲ ಬೀದಿಯಲ್ಲೇ ಕಾಲು ಬಾಂಬಿನ ಮೇಲಿರುತ್ತದೆ, ಶೋಧಕದ ಸದ್ದು ಏರಿದ ಕೂಡಲೇ ನಿಲ್ಲಬೇಕು ಎಂದು ಮೊದಲೇ ಹೇಳಿಕೊಡಿ.